ಮನೆ ಬಿಟ್ಟು ಗುಂಡಿಗೆ

"ಏನ್ ಟೀಚರಮ್ಮ, ನಿಮ್ಮ ತಂಗಿ ಮಗ್ಳು ಮನೆ ಕಟ್ಸೋ ಕೆಲ್ಸ ಬುಟ್ಬುಟ್ಟು ಫೋನ್ಗೆ ಗುಂಡಿ ಬರೀತಾವ್ಳಂತೆ?"

ಕೊಪ್ಪದಲ್ಲಿ ಮದ್ದೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಕಬ್ಬಿನ ಗಾಡಿಗಳು ಕಾರ್ಖಾನೆಯ ಕಡೆಗೆ ಸಾಲುಗಟ್ಟಿದ್ದವು, ಧೂಳೋ ಧೂಳು. ಕೇಳಿದವರು ನಮ್ಮ ಬೀದಿಯ ಹಿರಿಯರೇ, ಕೆಟ್ಟವರೇನಲ್ಲ. ನಾನು ಉತ್ತರ ಹುಡುಕುವಷ್ಟರಲ್ಲಿ ಅವರ ಪಕ್ಕದಲ್ಲಿದ್ದವರು, "ಮನೆ ಬುಟ್ಟು ಗುಂಡಿಗೆ ಬಿದ್ಲು ಅನ್ನಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂಬುದೇ ನನ್ನನ್ನು ಈಗಲೂ ಚುಚ್ಚುವ ಸಂಗತಿ. ಬಸ್ಸು ಬಂತು, ಹತ್ತಿದೆ. ಹೇಳಬೇಕಿದ್ದ ಉತ್ತರಗಳೆಲ್ಲ ಮದ್ದೂರು ತಲುಪುವಷ್ಟರಲ್ಲಿ ಒಂದೊಂದಾಗಿ ಹೊಳೆದವು. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಓದಿದ್ದೊಂದು, ಮಾಡುತ್ತಿರುವುದು ಇನ್ನೊಂದು ಎನ್ನುವ ಹುಡುಗಿಯೊಬ್ಬಳು ಇದ್ದಾಳು.

ನನ್ನ ತಂಗಿಯ ಮಗಳು ಬಿ.ಆರ್ಕ್. ಮಾಡಿದವಳು. ಎಂಜಿನಿಯರಿಂಗಿಗೆ ನಾಲ್ಕು ವರ್ಷವಾದರೆ ಇದಕ್ಕೆ ಐದು. ತಂಗಿಯ ಗಂಡ ಎರಡು ವರ್ಷದ ಕಬ್ಬಿನ ದುಡ್ಡನ್ನು ಹಾಗೆ ಹಾಗೆಯೇ ಕಾಲೇಜಿಗೆ ಕಟ್ಟಿದರು. ಸಾಲದೆ ಬಂದಾಗ ನಾನು ಟೀಚರುಗಳ ಸೊಸೈಟಿಯಿಂದ ಸಾಲ ತೆಗೆದುಕೊಟ್ಟೆ. ಅವಳು ಪಾಸಾಗಿ ಬೆಂಗಳೂರಿನ ಒಂದು ಕಚೇರಿಯಲ್ಲಿ ಮೂರು ವರ್ಷ ದುಡಿದು, 2021ರಲ್ಲಿ ಬಿಟ್ಟಳು. ಆರೇಳು ತಿಂಗಳು ಮನೆಯಲ್ಲೇ ಕುಳಿತು ಏನೋ ಕಲಿತು, ಯೂಸರ್ ಇಂಟರ್‌ಫೇಸ್ ಡಿಸೈನರ್ ಆದಳು. ಹಾಗೆಂದರೆ, ನಾವು ಫೋನು ತೆರೆದಾಗ ಯಾವುದು ಎಲ್ಲಿ ಕಾಣಬೇಕು, ಯಾವ ಗುಂಡಿ ಎಷ್ಟು ದೊಡ್ಡದಿರಬೇಕು, ಒತ್ತಿದರೆ ಮುಂದೆ ಏನು ಬರಬೇಕು ಎಂಬುದನ್ನು ಯೋಚಿಸಿ ಬರೆಯುವವಳು.

ಅಲ್ಲಿಂದ ಶುರುವಾಯಿತು ನೋಡಿ. ಐದು ವರ್ಷ ನೀರಿಗೆ ಹೋಯಿತು. ಅಪ್ಪನ ಬೆವರಿಗೆ ಬೆಲೆಯಿಲ್ಲ. ನಿಂತಲ್ಲಿ ನಿಲ್ಲದ ಹುಡುಗಿ, ನಾಳೆ ಸಂಸಾರದಲ್ಲಿ ನಿಂತಾಳೆಯೆ? ಈ ಕಡೆಯ ಮಾತನ್ನು ಒಂದು ಮದುವೆ ಮನೆಯಲ್ಲಿ ಗಂಡಿನ ಕಡೆಯವರೊಬ್ಬರು ಪಾಯಸ ಬಡಿಸಿಕೊಳ್ಳುತ್ತ ಆಡಿದರು. ಕೆಲಸ ಬದಲಿಸುವುದಕ್ಕೂ ಗಂಡನನ್ನು ಬದಲಿಸುವುದಕ್ಕೂ ಅವರ ಲೆಕ್ಕದಲ್ಲಿ ಅಷ್ಟೇ ದೂರ!

ಈ ಟೀಕಾಕಾರರಿಗೆಲ್ಲ ನನ್ನದೊಂದು ಸರಳ ಪ್ರಶ್ನೆ. ನಿಮ್ಮ ಮನೆ ಕಟ್ಟಿಸುವಾಗ ಆರ್ಕಿಟೆಕ್ಟನ್ನು ಕರೆಸಿದ್ದಿರಾ? ನಮ್ಮ ಕೊಪ್ಪದ ಬೀದಿಯಲ್ಲಿ ಈ ಹತ್ತು ವರ್ಷದಲ್ಲಿ ಎದ್ದ ತಾರಸಿ ಮನೆಗಳನ್ನು ಬೆರಳು ಮಡಿಸಿ ಎಣಿಸಿದ್ದೇನೆ. ಒಂದಕ್ಕೂ ಆರ್ಕಿಟೆಕ್ಟ್ ಕಾಲಿಟ್ಟಿಲ್ಲ. ಆಯ ನೋಡಿ ಹೇಳುವವರು ಬಂದರು, ಬಾಗಿಲು ಎಲ್ಲಿ, ಒಲೆ ಎಲ್ಲಿ ಎಂದು ನಿರ್ಧರಿಸಿದರು. ಪಟ್ಟಣದ ಎಂಜಿನಿಯರೊಬ್ಬರು ಲೈಸೆನ್ಸಿಗೆ ಬೇಕಾದ ನಕ್ಷೆ ಬರೆದುಕೊಟ್ಟರು. ಉಳಿದದ್ದನ್ನು ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆದು ಮುಗಿಸಿದ. ಅಳತೆ ಬಲ್ಲ ಹುಡುಗಿ ನೆಂಟರ ಮನೆಯಲ್ಲೇ ಇದ್ದರೂ "ಅಡುಗೆಮನೆಗೆ ಕಿಟಕಿ ಎಲ್ಲಿಡಲವ್ವ?" ಎಂದು ಒಬ್ಬರೂ ಕೇಳಲಿಲ್ಲ. ಅವಳು ಆ ಕೆಲಸ ಬಿಟ್ಟಾಗ ಮಾತ್ರ ವಾಸ್ತುಶಿಲ್ಪವೆಂಬ ಮಹಾವಿದ್ಯೆಗೆ ಅನ್ಯಾಯವಾಯಿತೆಂದು ಇಡೀ ಊರಿಗೆ ಸಂಕಟ.

ಅವಳನ್ನು ಕೇಳಿದವಳು ನಾನೊಬ್ಬಳೇ, ಅದೂ ಆಕಸ್ಮಿಕವಾಗಿ. ನಮ್ಮ ಮನೆ ಕಟ್ಟಿದ್ದು 1998ರಲ್ಲಿ. ಮೇಸ್ತ್ರಿ ಆರಡಿ ಆಳು, ಅಡುಗೆಕಟ್ಟೆಯನ್ನು ತನ್ನ ಸೊಂಟದ ಅಳತೆಗೆ ಎಬ್ಬಿಸಿದ. ನಾನು ನಾಲ್ಕಡಿ ಹತ್ತಿಂಚು. ಕಟ್ಟೆಯ ಮೇಲೆ ಗ್ಯಾಸಿನ ಒಲೆ, ಒಲೆಯ ಮೇಲೆ ಪಾತ್ರೆ. ಮಂಡ್ಯದ ಹೆಂಗಸರಿಗೆ ಬಿಡಿಸಿ ಹೇಳಬೇಕೆ? ಮುದ್ದೆ ಕೋಲು ಹಿಡಿದರೆ ನನ್ನ ಕೈ ಭುಜಕ್ಕಿಂತ ಮೇಲೆ ಹೋಗುತ್ತಿತ್ತು. ನೆಲದ ಒಲೆಯಲ್ಲಿ ನಮ್ಮವ್ವ ಪಾತ್ರೆಯನ್ನು ಒತ್ತಿ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು ತಿರುವುತ್ತಿದ್ದಳು. ನಾನು ಹದಿನೆಂಟು ವರ್ಷ ಮಣೆ ಹಾಕಿಕೊಂಡು ನಿಂತು ತಿರುವಿದೆ. ಬಲಭುಜ ನೋಯುವುದು ವಯಸ್ಸಿನ ದೋಷವೆಂದೇ ತಿಳಿದಿದ್ದೆ.

ಹುಡುಗಿ ಕಾಲೇಜಿನಲ್ಲಿದ್ದಾಗ ದಸರಾ ರಜೆಗೆ ಬಂದಿದ್ದಳು. ಬಾಗಿಲಿಗೆ ಒರಗಿ ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದವಳು, "ದೊಡ್ಡಮ್ಮ, ಮಣೆಯಿಂದ ಇಳಿ" ಎಂದಳು. ಟೇಪು ತಂದು ನೆಲದಿಂದ ನನ್ನ ಮೊಣಕೈಗೆ ಅಳೆದಳು, 36 ಇಂಚು. ಕಟ್ಟೆಯನ್ನು ಅಳೆದಳು, ಅದೂ 36 ಇಂಚು. "ಕಟ್ಟೆ ನಿನ್ನ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿರಬೇಕು. ಒಲೆ ಇಡೋ ಕಡೆ ಇನ್ನೂ ಕೆಳಗೆ. ತಪ್ಪು ನಿನ್ನ ಭುಜದ್ದಲ್ಲ" ಎಂದಳು. ನಮ್ಮ ಯಜಮಾನರು ಕಟ್ಟಿದ್ದನ್ನು ಒಡೆಯುವುದು ಅಪಶಕುನವೆಂದು ಎರಡು ತಿಂಗಳು ತಳ್ಳಿದರು. ಕೊನೆಗೆ ಒಲೆಯಿರುವ ಮೂರಡಿಯಷ್ಟನ್ನು ಮಾತ್ರ ಇಳಿಸಿದೆವು. ಮಣೆ ಮೂಲೆ ಸೇರಿತು. ಬೀದಿಯ ಹೆಂಗಸರು ಬಂದು ನೋಡಿ, ಕೋಲು ಹಿಡಿದು ತಿರುವಿಯೂ ನೋಡಿ ಹೋದರು. ಒಂದು ಮನೆಯಲ್ಲಿ ಒಬ್ಬ ಹೆಂಗಸಿನ ಮೊಣಕೈ ಎಷ್ಟೆತ್ತರದಲ್ಲಿದೆ ಎಂದು ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ.

ಈಗ ಹೇಳಿ, ಇಂಥ ಕಣ್ಣುಳ್ಳವಳು ಬೆಂಗಳೂರಿನಲ್ಲಿ ಮಾಡಿದ್ದೇನು? ಅಪಾರ್ಟ್‌ಮೆಂಟುಗಳ ಬಚ್ಚಲಿಗೆ ಟೈಲ್ಸ್ ಜೋಡಿಸುವ ನಕ್ಷೆ. ಮೂರು ವರ್ಷ ಅದೇ, ಆಗೊಮ್ಮೆ ಈಗೊಮ್ಮೆ ಮೆಟ್ಟಿಲು. ರಾತ್ರಿ ಹನ್ನೊಂದರವರೆಗೆ ಕೆಲಸ, ತಿಂಗಳ ಹದಿನೈದಾದರೂ ಕೈಗೆ ಬಾರದ ಸಂಬಳ. ಕಟ್ಟಡದ ಜಾಗಕ್ಕೆ ಹೋದರೆ ಹೆಣ್ಣಾಳುಗಳಿಗೂ ಅವಳಿಗೂ ಒಂದು ಶೌಚಾಲಯವಿಲ್ಲ, ನೂರು ಶೌಚಾಲಯದ ನಕ್ಷೆ ಮಾತ್ರ ಕೈಯಲ್ಲಿದೆ. 2020ರ ಲಾಕ್‌ಡೌನಿನಲ್ಲಿ ಸಂಬಳ ಅರ್ಧವಾಯಿತು. ಇಷ್ಟನ್ನೂ ಅವಳು ಸಹಿಸಿದಳು. "ಮೂರು ವರ್ಷದಲ್ಲಿ ನಾನು ಬರೆದ ಮನೇಲಿ ಇರೋ ಒಬ್ಬರ ಮುಖವನ್ನೂ ನೋಡಲಿಲ್ಲ ದೊಡ್ಡಮ್ಮ" ಎಂದಳು. ಕೆಲಸ ಬಿಡಲು ಕಾರಣ ಅದೇ ಎಂದಳು.

ಆ ಮಾತನ್ನು ನಾನಾಗ ಕಿವಿಗೆ ಹಾಕಿಕೊಳ್ಳಲಿಲ್ಲ. ಬಸ್ ನಿಲ್ದಾಣದವರನ್ನು ಬೈಯುವ ಮೊದಲು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. "ನನ್ನ ಸೊಸೈಟಿ ಸಾಲವೇ ಇನ್ನೂ ತೀರಿಲ್ಲ, ನಿನ್ನ ಶೋಕಿ ತೀರಿಹೋಯಿತಾ?" ಎಂದುಬಿಟ್ಟೆ. ಎಂಟು ತಿಂಗಳು ಅವಳು ನನ್ನೊಡನೆ ಮಾತಾಡಲಿಲ್ಲ. ನನಗಿದ್ದದ್ದು ಸಾಲದ ಚಿಂತೆಯಷ್ಟೇ ಅಲ್ಲ. ಬೆಂಗಳೂರಿನಲ್ಲಿ ಚಿತ್ರಾ ವಿಶ್ವನಾಥ್ ಅವರು ಮಣ್ಣಿನ ಇಟ್ಟಿಗೆಯಲ್ಲಿ ತಂಪಾದ ಮನೆಗಳನ್ನು ಕಟ್ಟಿಸುತ್ತಾರೆಂದು ಓದಿ, ಪತ್ರಿಕೆಯ ಆ ಹಾಳೆಯನ್ನು ಕತ್ತರಿಸಿ ಇಟ್ಟಿದ್ದೆ. ಇವಳೂ ಹಾಗಾಗಿ, ಒಂದು ದಿನ ಮಕ್ಕಳ ಎತ್ತರಕ್ಕೆ ಕಿಟಕಿಯಿರುವ ಶಾಲೆಯೊಂದನ್ನು ನಮ್ಮ ಕಡೆ ಕಟ್ಟುತ್ತಾಳೆ ಎಂಬ ಆಸೆ. ಆ ಶಾಲೆ ಕಟ್ಟಲಿಲ್ಲ. ಅದರ ನೋವು ಈಗಲೂ ಇದೆ, ಸುಳ್ಳು ಹೇಳಲಾರೆ. ಆದರೆ ಅದು ನನ್ನ ಆಸೆ, ಅವಳ ಸಾಲವಲ್ಲ.

ಒಂಬತ್ತನೆಯ ತಿಂಗಳಿಗೆ ಅವಳೇ ಬಂದಳು. ನಾನು ಹಜಾರದಲ್ಲಿ ಕನ್ನಡಕ ಏರಿಸಿಕೊಂಡು, ನಾವು ಟೀಚರುಗಳು ದಿನಾ ತುಂಬಬೇಕಾದ ಒಂದು ಆ್ಯಪಿನೊಡನೆ ಗುದ್ದಾಡುತ್ತಿದ್ದೆ. ನಲವತ್ತು ಮಕ್ಕಳ ಲೆಕ್ಕ ತುಂಬಿ ಮುಗಿಸುವಷ್ಟರಲ್ಲಿ ಎಲ್ಲೋ ಕೈ ತಾಗಿ ಎಲ್ಲವೂ ಅಳಿಸಿಹೋಗುತ್ತಿತ್ತು. ಮೂವತ್ತು ವರ್ಷ ಪಾಠ ಮಾಡಿದವಳು ನಾನು, ಹೊಸ ಟೀಚರುಗಳ ಎದುರು ಪೆದ್ದಿಯಾಗಿದ್ದೆ. ಅವಳು ಸಹಾಯ ಮಾಡಲಿಲ್ಲ! ಪಕ್ಕದಲ್ಲಿ ಕುಳಿತು ನೋಡಿದಳು, ಅಷ್ಟೆ. "ಈಗ ಯಾಕೆ ತಡೆದೆ? ಇದನ್ನು ಏನು ಅಂದುಕೊಂಡೆ?" ಎಂದು ಕೇಳಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. ಆಮೇಲೆ ಹೇಳಿದಳು: "'ಉಳಿಸು', 'ಅಳಿಸು' ಎರಡೂ ಒಂದೇ ಬಣ್ಣ, ಒಂದೇ ಗಾತ್ರ, ಮಧ್ಯೆ ಬೆರಳಗಲ ಜಾಗ ಇಲ್ಲ. ತಪ್ಪು ನಿನ್ನದಲ್ಲ ದೊಡ್ಡಮ್ಮ." ಅಡುಗೆಮನೆಯಲ್ಲಿ ಟೇಪು ಹಿಡಿದಾಗ ಆಡಿದ್ದ ಅದೇ ಮಾತು, ನನ್ನನ್ನು ನೋಡುತ್ತಿದ್ದುದೂ ಅದೇ ಕಣ್ಣು. ಇವಳು ಯಾವ ಕೆಲಸವನ್ನೂ ಬಿಟ್ಟಿಲ್ಲ ಎಂದು ನನಗೆ ಹೊಳೆದದ್ದು ಆಗ.

ಇದು ನನ್ನ ಮಮತೆಯ ಮಾತಷ್ಟೇ ಎನ್ನುವವರಿಗೆ ಅವಳು ತಂದು ತೋರಿಸಿದ ದಪ್ಪ ಪುಸ್ತಕದ ಕಥೆ ಹೇಳಬೇಕು. ಕ್ರಿಸ್ಟೋಫರ್ ಅಲೆಕ್ಸಾಂಡರ್ ಎಂಬ ವಾಸ್ತುಶಿಲ್ಪಿ ಇದ್ದ. ತರುಣನಾಗಿದ್ದಾಗ ಗುಜರಾತಿನ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಜನ ಬಾಳುವ ರೀತಿಯನ್ನು ನೋಡಿದವನು. ಅವನೂ ಜೊತೆಗಾರರೂ ಸೇರಿ 1977ರಲ್ಲಿ ಹೊರತಂದ 'ಎ ಪ್ಯಾಟರ್ನ್ ಲ್ಯಾಂಗ್ವೇಜ್' ಪುಸ್ತಕದಲ್ಲಿ ಮನೆ, ಬೀದಿ, ಊರುಗಳನ್ನು ಕುರಿತ 253 ಸೂತ್ರಗಳಿವೆ. ಒಂದು ಸೂತ್ರ ಹೀಗಿದೆ: ಆರಡಿಗಿಂತ ಕಡಿಮೆ ಅಗಲದ ಬಾಲ್ಕನಿಯನ್ನು ಜನ ಬಳಸುವುದೇ ಇಲ್ಲ. ನಮ್ಮ ತಾರಸಿ ಮನೆಗಳ ಮುಂದೆ ಅಂದಕ್ಕೆಂದು ಚಾಚಿ, ಒದ್ದೆ ಬಟ್ಟೆಗೂ ಮುರಿದ ಕುರ್ಚಿಗೂ ಮೀಸಲಾದ ಮೂರಡಿ ಬಾಲ್ಕನಿಗಳನ್ನು ನೆನೆದು ನನಗೆ ನಗು ಬಂತು. ಈ ಪುಸ್ತಕವನ್ನು ಕಣ್ಣಿಗೊತ್ತಿಕೊಂಡವರಲ್ಲಿ ಮನೆ ಕಟ್ಟುವವರಿಗಿಂತ ಕಂಪ್ಯೂಟರಿನವರೇ ಹೆಚ್ಚೇನೋ. 1987ರಲ್ಲಿ ಕೆಂಟ್ ಬೆಕ್, ವಾರ್ಡ್ ಕನಿಂಗ್‌ಹ್ಯಾಮ್ ಎಂಬಿಬ್ಬರು ಅದೇ ರೀತಿಯ ಐದು ಪುಟ್ಟ ಸೂತ್ರಗಳನ್ನು ಮಾಡಿ, ಒಂದು ಪ್ರೋಗ್ರಾಮನ್ನು ಮುಂದೆ ಬಳಸಬೇಕಾದವರ ಕೈಗೇ ಕೊಟ್ಟರು. ಪರದೆಯ ಮೇಲಿನ ಕಿಟಕಿಗಳು ಹೇಗಿರಬೇಕೆಂದು ಅವರೇ ರೂಪಿಸಿಕೊಂಡರು. ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ ಓದಿದ್ದೂ ವಾಸ್ತುಶಿಲ್ಪವನ್ನೇ. 1967ರಲ್ಲಿ ಮನುಷ್ಯನಿಗೂ ಕಂಪ್ಯೂಟರಿಗೂ ನಡುವಿನ ಮಾತುಕತೆಯನ್ನು ಕುರಿತ ಪ್ರಯೋಗಶಾಲೆ ತೆರೆದು, 1985ರಲ್ಲಿ ಎಂ.ಐ.ಟಿ.ಯ ಮೀಡಿಯಾ ಲ್ಯಾಬ್ ಕಟ್ಟಿದವರಲ್ಲಿ ಒಬ್ಬನಾದ. ಐದು ವರ್ಷ ನೀರಿಗೆ ಹೋಯಿತೆಂದು ಅವನ ದೊಡ್ಡಮ್ಮ ಅಂದಳೋ ಇಲ್ಲವೋ ತಿಳಿಯದು.

ಅಷ್ಟು ದೂರ ಯಾಕೆ? ನಮ್ಮ ಜಿಲ್ಲೆಯನ್ನೇ ನೋಡಿ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದು ಬೆಳೆಯ ರೋಗ, ಹುಳುಹುಪ್ಪಟೆಗಳ ತಜ್ಞನಾಗಿ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸಿದ ಅದೇ ಮನುಷ್ಯ ಕಡೆಗೆ ಮಂಡ್ಯಕ್ಕೆ ಕಬ್ಬನ್ನೂ, 1933ರಲ್ಲಿ ಶುರುವಾದ ಸಕ್ಕರೆ ಕಂಪನಿಯನ್ನೂ ತರುವುದರಲ್ಲಿ ಮುಂದಾಳಾದ. "ಹುಳ ಬುಟ್ಟು ಸಕ್ರೆಗೆ ಯಾಕೆ ಬಂದೆ ಸ್ವಾಮಿ?" ಎಂದು ನಮ್ಮ ತಾತಂದಿರು ಕೇಳಿದ್ದರೆ ಆ ಬಸ್ ನಿಲ್ದಾಣದ ಮುಂದೆ ಕಬ್ಬಿನ ಗಾಡಿ ನಿಲ್ಲುತ್ತಿರಲಿಲ್ಲ. ಗಂಡಸು ದಾರಿ ಬದಲಿಸಿದರೆ ದೂರದೃಷ್ಟಿ, ಹೆಣ್ಣುಮಗಳು ಬದಲಿಸಿದರೆ ಚಂಚಲಬುದ್ಧಿ.

ಇನ್ನು, ಪರದೆ ಬರೆಯುವುದು ಮನೆ ಕಟ್ಟುವುದಕ್ಕಿಂತ ಹಗುರದ ಕೆಲಸವೇ? 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂದು, ಶಾನುಭೋಗರ ಕಾಲದಿಂದ ಇನ್ನೊಬ್ಬರ ಕಂಕುಳಲ್ಲಿದ್ದ ಪಹಣಿ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂತು. ಆಗ 15 ರೂಪಾಯಿ ಕೊಟ್ಟರೆ ಕೈಗೆ ಕಾಗದ ಬರುತ್ತಿತ್ತು. ಆ ಕಿಂಡಿಗಳಲ್ಲಿ ಎರಡು ಪರದೆ ಇಟ್ಟಿದ್ದರು, ಒಂದು ಗುಮಾಸ್ತನ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ತನ್ನ ಜಮೀನಿನ ವಿಷಯದಲ್ಲಿ ಒಳಗೆ ಏನು ನಡೆಯುತ್ತಿದೆಯೆಂದು ಅವನಿಗೂ ಕಾಣಲಿ ಎಂದು. ಯಾರು ಎಲ್ಲಿ ನಿಲ್ಲುತ್ತಾರೆ, ಅವರ ಕಣ್ಣಿಗೆ ಏನು ಬೀಳಬೇಕು ಎಂದು ಯಾರೋ ಕುಳಿತು ಯೋಚಿಸಿದ್ದಾರೆ. ಪಡಸಾಲೆ ಕಟ್ಟುವವನು ಯೋಚಿಸುವುದೂ ಅದನ್ನೇ ಅಲ್ಲವೆ?

ಈಗ ಹೊಸಿಲು ದಾಟುವುದಕ್ಕಿಂತ ಹೆಚ್ಚು ಸಲ ನಾವು ಪರದೆ ದಾಟುತ್ತೇವೆ. 2023ರಲ್ಲಿ ಗೃಹಲಕ್ಷ್ಮಿ ಬಂದು, ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಎಂದಾಯಿತು. ನಮ್ಮ ಬೀದಿಯ ಎಷ್ಟೋ ಯಜಮಾನಿಯರು ದುಡ್ಡು ಬಂತೇ ಎಂದು ತಿಳಿಯಲು ಮಗನ ಮುಂದೆ ಫೋನು ಹಿಡಿದು ನಿಲ್ಲುತ್ತಾರೆ. ಗುಟ್ಟಿನ ನಂಬರೂ ಮಗನಿಗೇ ಗೊತ್ತು. ಬಂದದ್ದರಲ್ಲಿ ಐನೂರು ಅವನ ಕೈಯಲ್ಲೇ ಉಳಿದರೂ ಕೇಳುವ ಧೈರ್ಯವಿಲ್ಲ. ಹಣ ಅವಳದು, ಬಾಗಿಲು ಮಾತ್ರ ಅವಳ ಎತ್ತರಕ್ಕಿಲ್ಲ. ಆ ಬಾಗಿಲನ್ನು ಅವಳ ಎತ್ತರಕ್ಕೆ ಇಳಿಸುವ ಕೆಲಸವನ್ನು "ಗುಂಡಿ ಬರೆಯುವುದು" ಎಂದು ನಗುವವರು ಒಂದು ತಿಂಗಳು ಆಕೆಯ ಜಾಗದಲ್ಲಿ ನಿಂತು ನೋಡಲಿ.

ಈ ನಡುವೆ ಇನ್ನೊಂದು ತಮಾಷೆ ನಡೆಯಿತು. ಅವಳ ಹೊಸ ಸಂಬಳ ಎಷ್ಟೆಂದು ಹೇಗೋ ಊರಿಗೆ ಗೊತ್ತಾಯಿತು. ಬೈದ ಬಾಯಿಗಳೇ "ಹುಡ್ಗಿ ಚುರುಕು ಕನವ್ವ" ಎನ್ನತೊಡಗಿದವು. ಪಾಯಸದ ಮಹಾಶಯರು ಜಾತಕ ಕೇಳಿ ಕಳಿಸಿದರು. ಆ ಬೈಗುಳಕ್ಕಿಂತ ಈ ಹೊಗಳಿಕೆಯೇ ನನಗೆ ಹೆಚ್ಚು ಹೇಸಿಗೆ ತಂದಿತು. ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅವರಿಗೆ ಮೊದಲೂ ಬೇಕಿರಲಿಲ್ಲ, ಆಮೇಲೂ ಬೇಕಿರಲಿಲ್ಲ. ನನ್ನ ಸೊಸೈಟಿ ಸಾಲವನ್ನೂ ಅವಳೇ ತೀರಿಸಿದಳು. ನಾನು ಬೇಡವೆಂದರೂ ಕೇಳಲಿಲ್ಲ. ಅಂದು ನಾನಾಡಿದ ಮಾತು ಅವಳಿಗೆ ಅಷ್ಟು ನಾಟಿತ್ತು.

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಮ್ಮ ದೇಶದಲ್ಲಿ 1972ರ ಕಾಯ್ದೆಯ ಪ್ರಕಾರ ಹೆಸರು ನೋಂದಾಯಿಸದೆ ಯಾರೂ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಒಂದು ಮನೆಗೆ ನಕ್ಷೆ ಮಂಜೂರಾಗಬೇಕು. ಕೋಟಿ ಜನ ಹಾದುಹೋಗುವ ಪರದೆ ಬರೆಯುವವರಿಗೆ ಅಂಥ ಯಾವ ಕಟ್ಟೂ ಇಲ್ಲ. ಹಾಗಾಗಿ ಏನಾಗಿದೆ ನೋಡಿ. "ಒಪ್ಪಿದೆ" ಎಂಬುದು ಹಸಿರು, ದಪ್ಪ. "ಬೇಡ" ಎಂಬುದು ಬೂದುಬಣ್ಣದಲ್ಲಿ, ಕನ್ನಡಕಕ್ಕೂ ಸಿಗದಷ್ಟು ಸಣ್ಣಗೆ. ಟಿಕೆಟ್ಟಿನ ಜೊತೆಗೆ ನಾವು ಕೇಳದ ವಿಮೆ ಸದ್ದಿಲ್ಲದೆ ಬುಟ್ಟಿಗೆ ಬಿದ್ದಿರುತ್ತದೆ. ಸೇರಲು ಒಂದು ಗುಂಡಿ, ಬಿಡಲು ಹತ್ತು ಬಾಗಿಲು. ಇವಕ್ಕೆ 'ಡಾರ್ಕ್ ಪ್ಯಾಟರ್ನ್' ಎನ್ನುತ್ತಾರೆ. ಅಲೆಕ್ಸಾಂಡರನ ಆ ಒಳ್ಳೆಯ ಶಬ್ದ ಎಲ್ಲಿಗೆ ಬಂದು ಬಿತ್ತು ನೋಡಿ! ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಮೋಸಗಳನ್ನು ಹೆಸರಿಸಿ, ಇವು ಕೂಡದೆಂದು ಮಾರ್ಗಸೂಚಿ ಹೊರಡಿಸಿತು. ಹೊರಡಿಸಬೇಕಾಯಿತು ಎಂದರೆ ಅವನ್ನು ಬರೆದವರಿದ್ದಾರೆ ಎಂದೇ ಅರ್ಥ. ಒಳ್ಳೆಯ ಕಾಲೇಜಿನಲ್ಲಿ ಓದಿದ, ಯಾರದೋ ಮಕ್ಕಳೇ ಅವರು.

ಹೋದ ವರ್ಷ ಗೌರಿಹಬ್ಬಕ್ಕೆ ಬಂದಾಗ ಇವಳನ್ನು ಕೇಳಿದೆ, "ನಿನ್ನ ಆಫೀಸಿನವರು ಅಂಥದ್ದನ್ನು ಬರಿ ಅಂದರೆ ಏನು ಮಾಡ್ತೀಯ?"

ಬಾಗಿನದ ಮೊರ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ಒಂದು ಸಲ ಬರೆದಿದ್ದೀನಿ ದೊಡ್ಡಮ್ಮ. ಸೇರಿದ ಮೊದಲನೇ ವರ್ಷ. 'ಬೇಡ' ಅನ್ನೋದನ್ನ ಕೆಳಗೆ ತಳ್ಳಿ ಮಾಸಲು ಮಾಡು ಅಂದ್ರು, ಮಾಡಿದೆ. ಬೇಡ ಅನ್ನೋರು ಕಮ್ಮಿಯಾದ್ರು ಅಂತ ಮೀಟಿಂಗಲ್ಲಿ ಚಪ್ಪಾಳೆ ತಟ್ಟಿದ್ರು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡನೇ ಸಲ ಆಗಲ್ಲ ಅಂದೆ. ಅವರು ಬೇರೆಯವರ ಕೈಲಿ ಬರೆಸಿದ್ರು. ನಾನು ಆ ಕಂಪನಿ ಬಿಟ್ಟೆ" ಎಂದಳು. ಆ ಎರಡನೆಯ ಬಿಡುವಿಕೆ ಊರಿಗೆ ಗೊತ್ತೇ ಇಲ್ಲ. ಅದಕ್ಕೆ ಯಾರೂ ಬೈಯಲಿಲ್ಲ, ಯಾರೂ ಹೊಗಳಲಿಲ್ಲ. ನನಗೂ ಆ ಹೊತ್ತಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಮೊರಕ್ಕೆ ಅರಿಸಿನ ಹಚ್ಚುತ್ತ ಕುಳಿತೆ.

ಸಂಜೆ ಬಾಗಿನ ಕೊಡಲು ಬಂದ ಹೆಂಗಸರನ್ನು ಅವಳು ಜಗಲಿಯ ಮೇಲೆ ಕೂರಿಸಿಕೊಂಡು, ಫೋನಿನಲ್ಲಿ ತಾನು ಹೊಸದಾಗಿ ಬರೆಯುತ್ತಿದ್ದ ಪರದೆಯೊಂದನ್ನು ತೋರಿಸಿದಳು. ಹಣ ಬಂದದ್ದನ್ನು ಕನ್ನಡದಲ್ಲೇ ಓದಿ ಹೇಳುವಂಥದ್ದು. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ ಬಹಳ ಹೊತ್ತು ಬೆರಳು ಎತ್ತಿ ಹಿಡಿದಿದ್ದಳು, ಒತ್ತಲಿಲ್ಲ.

"ಇದನ್ನ ಏನು ಅಂದ್ಕೊಂಡ್ರಿ ಅಕ್ಕ?" ಎಂದು ಇವಳು ಕೇಳಿದಳು.

"ಏನೋ ಕಣವ್ವ. ನೀನೇ ಬರ್ದಿದ್ದಾ?"

"ಹೂಂ, ನಾನೇ."

"ಹಂಗಾರೆ ಮೊದ್ಲು ನೀನೇ ಒತ್ತು, ಏನಾಯ್ತದೆ ನೋಡ್ಮ."

ಹೆಂಗಸರೆಲ್ಲ ನಕ್ಕರು. ಅವಳು ನಗಲಿಲ್ಲ. ಪುಸ್ತಕ ತೆಗೆದು ಆ ಮಾತನ್ನು ಇದ್ದ ಹಾಗೇ ಬರೆದುಕೊಂಡಳು.